ಲಿಯರ್ ರಾಜನ ಅಜ್ಜನ ಹೆಸರೇನು? ಬ್ರಿಟನ್ನಿನ ಕಥೆಯ ರಾಜರನ್ನು ಓದುವ, ಹೇಳುವ ದಾರಿ

ಶೇಕ್ಸ್‌ಪಿಯರ್ ನಾಟಕದ ಲಿಯರ್ ರಾಜ ಎಲ್ಲರಿಗೂ ಗೊತ್ತು. ಆರ್ಥರ್ ಕೂಡ ಗೊತ್ತು, ಕಾರ್ಟೂನ್ ನೋಡುವ ಮಕ್ಕಳಿಗಂತೂ ನಮಗಿಂತ ಜಾಸ್ತಿ ಗೊತ್ತು. ಆದರೆ ಈ ಇಬ್ಬರೂ ಒಂದೇ ಪಟ್ಟಿಯವರು, ಆ ಪಟ್ಟಿಯಲ್ಲಿ ನೂರರ ಹತ್ತಿರ ರಾಜರಿದ್ದಾರೆ, ಅವರೊಳಗೆ ರುಡ್ ಹುಡ್ ಹುಡಿಬ್ರಾಸ್, ಡನ್ವಾಲೋ ಮೊಲ್ಮುಟಿಯಸ್, ಗುರ್ಗಿಂಟ್ ಬಾರ್ಬ್‌ಟ್ರುಕ್, ಬೆಲ್ಡ್‌ಗಾಬ್ರೆಡ್ ಅನ್ನುವವರೂ ಇದ್ದಾರೆ ಅಂದರೆ ಯಾರೂ ನಂಬುವುದಿಲ್ಲ. ಸುಮ್ನೆ ಕಟ್ಟಿ ಹೇಳ್ತಿದ್ದೀರಿ ಅಂತಾರೆ. ಕಟ್ಟಿದ್ದು ಹೌದು. ಕಟ್ಟಿದವನು ಮಾತ್ರ 900 ವರ್ಷದ ಹಿಂದಿನವನು.

ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಭಾನುವಾರ ಕನ್ನಡ ಕಲಿಯಲು ಬರುವ ಮಕ್ಕಳಿಗೆ ಕಥೆ ಹೇಳುತ್ತೇನೆ. ಮನೆಯಲ್ಲಿ ಕೆಲವರದು ತುಳು, ಕೆಲವರದು ಧಾರವಾಡದ ಕನ್ನಡ. ಕೆಳಗೆ ಆಟಕ್ಕೆ ಇಳಿದರೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಇಂಥ ಮಕ್ಕಳಿಗೆ ಹೊರದೇಶದ ವಿಚಿತ್ರ ಹೆಸರು ಕಂಡರೆ ಹೆದರಿಕೆಯೇ ಇಲ್ಲ. ಹೆದರುವುದು ದೊಡ್ಡವರು. ಹಾಗಾಗಿ ಇದನ್ನು ದೊಡ್ಡವರಿಗೆ ಬರೆಯುತ್ತಿದ್ದೇನೆ. ಈ ಪಟ್ಟಿಯನ್ನು ಓದುವುದು ಹೇಗೆ, ಹೆಸರುಗಳನ್ನು ಕನ್ನಡದಲ್ಲಿ ಬರೆಯುವುದು ಹೇಗೆ, ಸಂಘದಲ್ಲೋ ಮನೆಯಲ್ಲೋ ನಾಲ್ಕು ಜನರ ಮುಂದೆ ಹೇಳುವುದು ಹೇಗೆ, ಇಷ್ಟೇ ವಿಷಯ.

ಮೊದಲು ಪುಸ್ತಕ ಹಿಡಿಯಿರಿ

ಈ ರಾಜರೆಲ್ಲ ಸಾಲಾಗಿ ನಿಂತಿರುವುದು ಒಂದೇ ಪುಸ್ತಕದಲ್ಲಿ. ಬರೆದವನು ಜೆಫ್ರಿ ಆಫ್ ಮಾನ್ಮತ್, ಆಕ್ಸ್‌ಫರ್ಡಿನಲ್ಲಿದ್ದ ಚರ್ಚಿನ ವಿದ್ವಾಂಸ. ಭಾಷೆ ಲ್ಯಾಟಿನ್. ಬ್ರಿಟನ್ನಿನ ರಾಜರ ಚರಿತ್ರೆ ಅಂತ ಹೆಸರು. ಸುಮಾರು 1136ರ ಹೊತ್ತಿಗೆ ಬರೆದದ್ದು. 1139ರ ಜನವರಿಯಲ್ಲಿ ಹೆನ್ರಿ ಆಫ್ ಹಂಟಿಂಗ್ಡನ್ ಎಂಬ ಇನ್ನೊಬ್ಬ ಇತಿಹಾಸಕಾರ ನಾರ್ಮಂಡಿಯ ಬೆಕ್ ಮಠದಲ್ಲಿ ಇದರ ಪ್ರತಿ ನೋಡಿ ಬೆರಗಾದ. ಅಷ್ಟರೊಳಗೆ ಪುಸ್ತಕ ಸಮುದ್ರ ದಾಟಿತ್ತು. ಇವತ್ತಿಗೂ ಇದರ 200ಕ್ಕೂ ಹೆಚ್ಚು ಕೈಬರಹದ ಪ್ರತಿಗಳು ಉಳಿದಿವೆ. ಅಚ್ಚಿನ ಯಂತ್ರ ಇಲ್ಲದ ಕಾಲಕ್ಕೆ ಇದು ಸಣ್ಣ ಸಂಗತಿ ಅಲ್ಲ.

ನನಗೆ ಇದೆಲ್ಲ ಎಲ್ಲಿಂದ ಸಿಕ್ಕಿತು ಅಂತ ಜೆಫ್ರಿಯೇ ಹೇಳಿಕೊಂಡಿದ್ದಾನೆ. ಆಕ್ಸ್‌ಫರ್ಡಿನ ವಾಲ್ಟರ್ ಎಂಬ ಚರ್ಚಿನ ಅಧಿಕಾರಿ ಬ್ರಿಟನ್ನರ ಹಳೆಯ ಭಾಷೆಯ ಒಂದು ಪುರಾತನ ಗ್ರಂಥ ಕೊಟ್ಟನಂತೆ, ಇವನು ಅದನ್ನು ಲ್ಯಾಟಿನ್ನಿಗೆ ಇಳಿಸಿದನಂತೆ. ಆ ಗ್ರಂಥ ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಆ ಕಾಲದವರಿಗೂ ಅನುಮಾನ ಬಂದಿತ್ತು. ಅದೇ ಶತಮಾನದ ಕೊನೆಗೆ ವಿಲಿಯಂ ಆಫ್ ನ್ಯೂಬರ್ಗ್ ಇದೆಲ್ಲ ಕಟ್ಟುಕಥೆ ಅಂತ ಸಿಟ್ಟಿನಿಂದಲೇ ಬರೆದ. ಜೆರಾಲ್ಡ್ ಆಫ್ ವೇಲ್ಸ್ ಎಂಬವನು ಇನ್ನೂ ಘಾಟಿ. ವೇಲ್ಸಿನಲ್ಲಿ ಒಬ್ಬನಿಗೆ ದೆವ್ವಗಳು ಕಾಣುತ್ತಿದ್ದವಂತೆ. ಎದೆಯ ಮೇಲೆ ಯೋಹಾನನ ಸುವಾರ್ತೆ ಇಟ್ಟರೆ ಅವು ಹಕ್ಕಿಗಳ ಹಾಗೆ ಹಾರಿ ಹೋಗುತ್ತಿದ್ದವು. ಅದನ್ನು ತೆಗೆದು ಜೆಫ್ರಿಯ ಪುಸ್ತಕ ಇಟ್ಟರೋ, ಮೊದಲಿಗಿಂತ ಜಾಸ್ತಿ ಸಂಖ್ಯೆಯಲ್ಲಿ ಬಂದು ಮೈಮೇಲೂ ಪುಸ್ತಕದ ಮೇಲೂ ಕೂರುತ್ತಿದ್ದವಂತೆ. ಪುಸ್ತಕ ವಿಮರ್ಶೆ ಅಂದರೆ ಇದು.

ಆದರೂ ಜನ ನಂಬಿದರು, ಅದೂ ನೂರಾರು ವರ್ಷ. 1301ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಸ್ಕಾಟ್ಲೆಂಡ್ ನನ್ನದು ಅಂತ ವಾದಿಸಿ ಪೋಪ್ ಎಂಟನೇ ಬೊನಿಫೇಸ್‌ಗೆ ಪತ್ರ ಬರೆದ. ಅದರಲ್ಲಿ ಕೊಟ್ಟ ಸಾಕ್ಷಿಯೇ ಈ ಪಟ್ಟಿಯ ಮೊದಲ ರಾಜನ ಮಕ್ಕಳ ಕಥೆ. ಹಿರಿಯ ಮಗನಿಗೆ ಇಂಗ್ಲೆಂಡ್ ಬಂತು, ಕಿರಿಯನಿಗೆ ಸ್ಕಾಟ್ಲೆಂಡ್ ಬಂತು, ಆದ್ದರಿಂದ ಹಿರಿಯನ ಕಡೆಯವರದೇ ಮೇಲುಗೈ ಅಂತ. ಆಸ್ತಿ ಜಗಳಕ್ಕೆ ಪುರಾಣ ತಂದು ನಿಲ್ಲಿಸುವುದು ನಮ್ಮ ಕಡೆ ಮಾತ್ರ ಅಂದುಕೊಂಡಿದ್ದರೆ ಇದನ್ನು ನೆನಪಿಡಿ.

ಓದಲು ದುಡ್ಡು ಕೊಡಬೇಕಾಗಿಲ್ಲ. 1718ರಲ್ಲಿ ಆರನ್ ಥಾಂಪ್ಸನ್ ಮಾಡಿದ ಇಂಗ್ಲಿಷ್ ಅನುವಾದವನ್ನು 19ನೇ ಶತಮಾನದಲ್ಲಿ ಜೆ.ಎ. ಗೈಲ್ಸ್ ತಿದ್ದಿ ಮತ್ತೆ ಹೊರತಂದ. ಅದು ಈಗ ನೆಟ್‌ನಲ್ಲಿ ಬಿಟ್ಟಿ ಸಿಗುತ್ತದೆ. ಭಾಷೆ ಹಳೆಯದು, ಆದರೆ ಕಥೆ ಓಡುತ್ತದೆ. ಲೋಕಲ್‌ನಲ್ಲಿ ಸೀಟು ಸಿಕ್ಕ ದಿನ ಡೊಂಬಿವಲಿಯಿಂದ ದಾದರ್ ತಲುಪುವಷ್ಟರಲ್ಲಿ ಒಂದು ಭಾಗ ಮುಗಿಯುತ್ತದೆ.

ಒಂದೇ ಎಚ್ಚರಿಕೆ. ಮೊದಲ ಪುಟದಿಂದ ಶುರು ಮಾಡಬೇಡಿ. ಶುರುವಿನಲ್ಲಿ ಟ್ರಾಯ್, ಗ್ರೀಸ್, ಯುದ್ಧ, ಮತ್ತೆ ಯುದ್ಧ. ಅಲ್ಲೇ ಅರ್ಧ ಜನ ಬಿಟ್ಟುಬಿಡುತ್ತಾರೆ. ಎರಡನೇ ಭಾಗದಲ್ಲಿ ಬ್ಲಾಡುಡ್ ಎಂಬ ರಾಜ ಬರುತ್ತಾನೆ, ಅಲ್ಲಿ ತೆರೆಯಿರಿ. ಅವನ ಅಪ್ಪನೇ ರುಡ್ ಹುಡ್ ಹುಡಿಬ್ರಾಸ್, ಬ್ಲಾಡುಡ್‌ನ ಮಗನೇ ಲಿಯರ್. ತಲೆಬರಹದ ಪ್ರಶ್ನೆಗೆ ಉತ್ತರ ಸಿಕ್ಕಿತಲ್ವಾ? ಕ್ವಿಜ್ ಮಾಡುವವರು ಬರೆದಿಟ್ಟುಕೊಳ್ಳಿ, ಈ ಪ್ರಶ್ನೆಗೆ ಕೈ ಎತ್ತುವವರು ಕಮ್ಮಿ.

ಹೆಸರು ಎಲ್ಲಿಂದ ಬಂತು ಅಂತ ವಿಂಗಡಿಸಿ

ನೂರು ಹೆಸರನ್ನು ಬಾಯಿಪಾಠ ಮಾಡಲು ಹೋದರೆ ತಲೆ ಕೆಡುತ್ತದೆ. ಅದರ ಬದಲು ಪ್ರತಿ ಹೆಸರು ಬಂದಾಗಲೂ ಒಂದೇ ಪ್ರಶ್ನೆ ಕೇಳಿ. ಈ ಹೆಸರು ಜೆಫ್ರಿಗೆ ಎಲ್ಲಿ ಸಿಕ್ಕಿರಬೇಕು? ಹೀಗೆ ಕೇಳಿದ ತಕ್ಷಣ ಪಟ್ಟಿ ತಾನೇ ಬಿಡಿಸಿಕೊಳ್ಳುತ್ತದೆ.

ದೊಡ್ಡ ಗುಂಪು ಊರಿನಿಂದ ಹುಟ್ಟಿದ ರಾಜರದು. ಊರು ಮೊದಲು, ರಾಜ ಆಮೇಲೆ. ಇದು ನಮಗೆ ಹೊಸದಲ್ಲ. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂಗಳೂರು ಅಂತ ಎಲ್ಲರೂ ಕೇಳಿದ್ದೇವೆ. ಆದರೆ ಬಲ್ಲಾಳ ಹುಟ್ಟುವ ಮೊದಲೇ, ಸುಮಾರು 890ರ ಬೇಗೂರು ಶಾಸನದಲ್ಲಿ ಬೆಂಗಳೂರು ಅನ್ನುವ ಹೆಸರಿದೆ. ಹೊಯ್ ಸಳ ಅಂದದ್ದರಿಂದ ಹೊಯ್ಸಳ ಅನ್ನುವುದೂ ಇದೇ ಜಾತಿಯ ಕಥೆ. ಇಲ್ಲಿ ಮುಂಬೈಯಲ್ಲೂ ಮುಂಬಾರಕ ಎಂಬ ರಾಕ್ಷಸನನ್ನು ದೇವಿ ಸೋಲಿಸಿದಳು, ಅವನ ಹೆಸರನ್ನೇ ಇಟ್ಟುಕೊಂಡು ಮುಂಬಾದೇವಿ ಆದಳು ಅನ್ನುವ ಕಥೆ ಇದೆ. ಜೆಫ್ರಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದ. ಇಡೀ ದ್ವೀಪದ ಊರುಗಳಿಗೆ ಒಬ್ಬೊಬ್ಬ ರಾಜನನ್ನು ಒದಗಿಸಿದ.

ಯಾರ್ಕ್ ಊರಿಗೆ ರೋಮನ್ನರ ಕಾಲದ ಹೆಸರು ಎಬೊರಾಕಮ್. ಆದ್ದರಿಂದ ಎಬ್ರೌಕಸ್ ಅಂತ ಒಬ್ಬ ರಾಜ. ಇವನಿಗೆ 20 ಹೆಂಡತಿಯರು, 20 ಗಂಡುಮಕ್ಕಳು, 30 ಹೆಣ್ಣುಮಕ್ಕಳು. ಜೆಫ್ರಿ ಮಕ್ಕಳೆಲ್ಲರ ಹೆಸರು ಬರೆದಿದ್ದಾನೆ, ದಯವಿಟ್ಟು ಅದನ್ನು ಗಟ್ಟಿಯಾಗಿ ಓದಬೇಡಿ. ಕಾರ್ಲೈಲ್ ಊರಿಗೆ ಲೀಲ್. ಲೆಸ್ಟರ್ ಊರಿಗೆ ಲಿಯರ್. ಬಾತ್ ಊರಿಗೆ ಬ್ಲಾಡುಡ್. ಲಂಡನ್ನಿಗೆ ಲುಡ್, ಅಲ್ಲಿನ ಲುಡ್‌ಗೇಟ್ ಅವನದೇ ಬಾಗಿಲು ಅಂತ ಜೆಫ್ರಿಯ ವಾದ. ಬಿಲ್ಲಿಂಗ್ಸ್‌ಗೇಟ್‌ಗೆ ಬೆಲಿನಸ್. ಆ ಬಾಗಿಲ ಮೇಲೆ ಇವನ ಚಿತಾಭಸ್ಮವನ್ನು ಚಿನ್ನದ ಪಾತ್ರೆಯಲ್ಲಿ ಇಟ್ಟಿದ್ದರಂತೆ. ಆಮೇಲೆ ಅದೇ ಜಾಗ ಲಂಡನ್ನಿನ ದೊಡ್ಡ ಮೀನು ಮಾರ್ಕೆಟ್ ಆಯಿತು. 1982ರಲ್ಲಿ ಮಾರ್ಕೆಟ್ ಬೇರೆ ಕಡೆಗೆ ಹೋಯಿತು, ಹೆಸರು ಮಾತ್ರ ಜೊತೆಗೇ ಹೋಯಿತು. ಬೆಳಗ್ಗೆ ಸಸೂನ್ ಡಾಕ್‌ಗೆ ಹೋಗಿ ಗೊತ್ತಿರುವ ಮೊಗವೀರ ಮನೆಯ ಮಕ್ಕಳಿಗೆ ಇಡೀ ಪಟ್ಟಿಯಲ್ಲಿ ಈ ರಾಜನೇ ಮೊದಲು ನೆನಪಲ್ಲಿ ಉಳಿಯುತ್ತಾನೆ.

ದೇಶ, ನದಿಗಳಿಗೂ ಹೀಗೇ. ಪಟ್ಟಿಯ ಮೊದಲ ರಾಜ ಬ್ರೂಟಸ್. ಸೀಸರನನ್ನು ಕೊಂದ ಬ್ರೂಟಸ್ ಅಲ್ಲ, ಟ್ರಾಯ್ ಪಟ್ಟಣದ ಈನಿಯಸ್‌ನ ಮರಿಮಗ. ಬ್ರಿಟನ್ ಅನ್ನುವ ಹೆಸರು ಇವನದಂತೆ. ಇವನನ್ನು ಮಾತ್ರ ಜೆಫ್ರಿ ಹುಟ್ಟಿಸಲಿಲ್ಲ, 9ನೇ ಶತಮಾನದ ಒಂದು ಲ್ಯಾಟಿನ್ ಚರಿತ್ರೆಯಲ್ಲೇ ಇವನಿದ್ದಾನೆ. ಮೂವರು ಮಕ್ಕಳು, ಲೊಕ್ರಿನಸ್, ಕಾಂಬರ್, ಅಲ್ಬನಾಕ್ಟಸ್. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಒಬ್ಬೊಬ್ಬರಿಗೆ ಒಂದೊಂದು. ಹೂಣರ ರಾಜ ಹಂಬರ್ ಸೋತು ನದಿಯಲ್ಲಿ ಮುಳುಗಿದ, ಅದು ಹಂಬರ್ ನದಿ. ಲೊಕ್ರಿನಸ್ ಹೆಂಡತಿಗೆ ಹೆದರಿ ಎಸ್ಟ್ರಿಲ್ಡಿಸ್ ಎಂಬ ಚೆಲುವೆಯನ್ನು ಏಳು ವರ್ಷ ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದ. ಅಲ್ಲಿಗೆ ಹೋಗುವಾಗೆಲ್ಲ ದೇವರಿಗೆ ಗುಟ್ಟಿನ ಪೂಜೆ ಇದೆ ಅಂತ ನೆಪ. ಕೊನೆಗೆ ಹೆಂಡತಿ ಗ್ವೆಂಡೊಲೆನ್ ಸೈನ್ಯ ಕಟ್ಟಿ ಬಂದಳು, ಗಂಡ ಯುದ್ಧದಲ್ಲಿ ಸತ್ತ, ಎಸ್ಟ್ರಿಲ್ಡಿಸ್ ಮತ್ತು ಅವಳ ಮಗಳು ಹಾಬ್ರೆನ್ ನದಿಯ ಪಾಲಾದರು. ಆ ಹುಡುಗಿಯ ಹೆಸರೇ ಸೆವರ್ನ್ ನದಿಗೆ ಬಂತು. ಅಲ್ಲಿಂದ ಮುಂದೆ ಗ್ವೆಂಡೊಲೆನ್ ತಾನೇ 15 ವರ್ಷ ಆಳಿದಳು. ದೊಡ್ಡವರ ಸಭೆಗೆ ಇದನ್ನು ಹೇಳಿ, ಯಾರೂ ಮೊಬೈಲ್ ತೆಗೆಯುವುದಿಲ್ಲ.

ಎರಡನೇ ಗುಂಪು ನಿಜವಾಗಿ ಬದುಕಿದ್ದವರದು. ಇದನ್ನು ಕಂಡಾಗ ಓದುಗರಿಗೆ ಸ್ವಲ್ಪ ಆಘಾತವೇ ಆಗುತ್ತದೆ, ಇಷ್ಟು ಹೊತ್ತು ಕಥೆ ಅಂದುಕೊಂಡು ಓದುತ್ತಿರುತ್ತೀರಿ, ಥಟ್ಟನೆ ಒಬ್ಬ ಅಸಲಿ ಮನುಷ್ಯ ಎದುರಿಗೆ ಬರುತ್ತಾನೆ. ಕಾಸಿಬೆಲ್ಲೌನಸ್ ಅಂಥವನು. ಕ್ರಿ.ಪೂ. 54ರಲ್ಲಿ ಜೂಲಿಯಸ್ ಸೀಸರ್ ಬ್ರಿಟನ್ನಿಗೆ ಎರಡನೇ ಸಲ ಬಂದಾಗ ಎದುರು ನಿಂತವನು ಇವನೇ. ಸೀಸರನೇ ತನ್ನ ಬರಹದಲ್ಲಿ ಇವನ ಹೆಸರು ಹೇಳುತ್ತಾನೆ. ಜೆಫ್ರಿ ಇವನನ್ನು ಎತ್ತಿಕೊಂಡು ಲುಡ್‌ನ ತಮ್ಮ ಅಂತ ಮಾಡಿದ. ಇನ್ನೊಬ್ಬ ತಮ್ಮ ನೆನ್ನಿಯಸ್‌ನನ್ನೂ ಸೇರಿಸಿದ. ಸೀಸರನ ಕತ್ತಿ ಈ ನೆನ್ನಿಯಸ್‌ನ ಗುರಾಣಿಯಲ್ಲಿ ಸಿಕ್ಕಿಹಾಕಿಕೊಂಡಿತಂತೆ. ಆ ಕತ್ತಿಗೆ ಹಳದಿ ಸಾವು ಅಂತ ಹೆಸರು, ಅದರ ಏಟು ತಿಂದವನು ಬದುಕುವುದೇ ಇಲ್ಲ. ನೆನ್ನಿಯಸ್ ಆ ಕತ್ತಿಯಲ್ಲೇ ರೋಮನ್ನರನ್ನು ಕಡಿದ, 15 ದಿನಕ್ಕೆ ತಾನೂ ಸತ್ತ. ಮಕ್ಕಳು ಇಲ್ಲಿ ಬಾಯಿ ಬಿಟ್ಟು ಕೇಳುತ್ತಾರೆ.

ಆಮೇಲೆ ಬರುವ ಟೆನ್ವಾಂಟಿಯಸ್ ಅಂದರೆ ನಾಣ್ಯಗಳಲ್ಲಿ ಸಿಗುವ ಟಾಸಿಯೊವಾನಸ್. ಅವನ ಮಗ ಕಿಂಬೆಲಿನಸ್ ಅಂದರೆ ನಾಣ್ಯದ ಕುನೊಬೆಲಿನಸ್. ಇವನು ಇವತ್ತಿನ ಕೋಲ್ಚೆಸ್ಟರ್ ಇರುವ ಕಡೆ ಆಳಿದವನು. ಇವನ ಚಿನ್ನದ ನಾಣ್ಯದ ಮೇಲೆ ಧಾನ್ಯದ ತೆನೆ ಇದೆ. ರೋಮನ್ ಲೇಖಕ ಸ್ವೆಟೋನಿಯಸ್ ಇವನನ್ನು ಬ್ರಿಟನ್ನರ ರಾಜ ಅಂತಲೇ ಕರೆದ. ಶೇಕ್ಸ್‌ಪಿಯರ್ ನಾಟಕದಲ್ಲಿ ಇದೇ ಮನುಷ್ಯ ಸಿಂಬೆಲೀನ್. ಒಬ್ಬನಿಗೇ ಮೂರು ಹೆಸರು. ಹುಡುಕುವಾಗ ಮೂರನ್ನೂ ಹಾಕಿ ಹುಡುಕಿ, ಇಲ್ಲದಿದ್ದರೆ ಮೂವರು ಬೇರೆ ಬೇರೆ ಅಂದುಕೊಳ್ಳುತ್ತೀರಿ. ಬ್ರೆನ್ನಿಯಸ್ ಎಂಬವನದು ಬೇರೆ ಥರ. ಕ್ರಿ.ಪೂ. 4ನೇ ಶತಮಾನದ ಶುರುವಿನಲ್ಲಿ ರೋಮ್ ನಗರವನ್ನು ದೋಚಿದ ಗಾಲ್ ಜನರ ನಾಯಕ ಬ್ರೆನ್ನಸ್‌ನನ್ನು ಜೆಫ್ರಿ ಸೀದಾ ಬ್ರಿಟಿಷ್ ರಾಜಕುಮಾರನನ್ನಾಗಿ ಮಾಡಿ, ಮೇಲೆ ಹೇಳಿದ ಬೆಲಿನಸ್‌ನ ತಮ್ಮನ ಜಾಗದಲ್ಲಿ ಕೂರಿಸಿಬಿಟ್ಟ. ಇದಕ್ಕೆ ಧೈರ್ಯ ಬೇಕು.

ಮೂರನೇ ಗುಂಪಿನ ಹೆಸರುಗಳು ವೇಲ್ಸಿನ ವಂಶಾವಳಿಗಳಿಂದ ಬಂದವು. ಮೂರನೇ ಭಾಗದ ಕೊನೆಗೆ ಹೋದರೆ ಒಂದು ಪುಟದಲ್ಲಿ ಮೂವತ್ತರ ಹತ್ತಿರ ರಾಜರು ಬಂದು ಹೋಗುತ್ತಾರೆ. ರೂನೊ, ಗೆರೆನ್ನಸ್, ಕಾಟೆಲ್ಲಸ್, ಊರಿಯನಸ್, ಎಲಿಯುಡ್, ಕಾಪ್, ಓಯಿನಸ್, ಪೀರ್, ಕಾಪೊಯಿರ್. ಕಥೆ ಇಲ್ಲ, ಕೆಲಸ ಇಲ್ಲ, ಬಂದ, ಹೋದ. ಇವುಗಳಲ್ಲಿ ತುಂಬಾ ಹೆಸರು ವೇಲ್ಸಿನ ಹಳೆಯ ರಾಜಮನೆತನಗಳ ವಂಶಾವಳಿಗಳಲ್ಲಿ ಇರುವಂಥವೇ. ಜೆಫ್ರಿ ಅವನ್ನು ಕಿತ್ತು ಸಾವಿರ ವರ್ಷ ಹಿಂದಕ್ಕೆ ನೆಟ್ಟಿದ್ದಾನೆ. ಖಾಲಿ ಜಾಗ ತುಂಬಬೇಕಿತ್ತು ಅಷ್ಟೇ. ಇಲ್ಲಿ ಒಬ್ಬನಿಗೆ ಮಾತ್ರ ಎರಡು ಸಾಲು ಸಿಕ್ಕಿದೆ, ಅವನೇ ಬೆಲ್ಡ್‌ಗಾಬ್ರೆಡ್. ಹಾಡಿನಲ್ಲಿ, ವಾದ್ಯದಲ್ಲಿ ಅವನ ಸಮ ಯಾರೂ ಇರಲಿಲ್ಲ, ಗಾಯಕರ ದೇವರು ಅಂತಲೇ ಕರೆಯುತ್ತಿದ್ದರು ಅಂತ ಬರೆದಿದೆ. ಕೊನೆಯ ಹೆಸರು ಹೇಲಿ, ಲುಡ್‌ನ ಅಪ್ಪ. ವೇಲ್ಸಿನ ಕಥೆಗಳಲ್ಲಿ ಇವನೇ ಬೇಲಿ. ಕನ್ನಡದಲ್ಲಿ ಬೇಲಿ ಅಂತ ಬರೆದರೆ ಮಕ್ಕಳು ಹೊಲ ಎಲ್ಲಿ ಅಂತ ಕೇಳುತ್ತಾರೆ, ಹೇಲಿ ಅಂತಲೇ ಇಟ್ಟುಕೊಳ್ಳಿ.

ಎಣಿಸುವಾಗ ಸಾಮುಯಿಲ್ ಪೆನಿಸೆಲ್ ಹತ್ತಿರ ಹುಷಾರು. ಕೆಲವರು ಇದನ್ನು ಇಬ್ಬರು ರಾಜರು ಅಂತ ಎಣಿಸುತ್ತಾರೆ. ವೇಲ್ಸಿನ ವಂಶಾವಳಿಯಲ್ಲಿ ಸಾವಿಲ್ ಪೆನಿಹೆಲ್ ಎಂಬ ಒಬ್ಬನೇ ಇದ್ದಾನೆ, ಎರಡನೆಯದು ಅವನ ಬಿರುದು. ನಿಮ್ಮ ಪಟ್ಟಿಗೂ ಇನ್ನೊಬ್ಬರ ಪಟ್ಟಿಗೂ ಲೆಕ್ಕ ತಾಳೆ ಆಗದಿದ್ದರೆ ಮೊದಲು ಇಲ್ಲಿ ನೋಡಿ.

ಉಳಿದವರು ಕಥೆಯ ರಾಜರು

ಈ ಮೂರು ಗುಂಪಿನ ಆಚೆಗೆ, ಕೆಲವು ಸಲ ಅವುಗಳ ಒಳಗೂ, ಕಥೆಯ ಬಲದಿಂದ ನಿಂತವರಿದ್ದಾರೆ. ನನ್ನ ಕೇಳಿದರೆ ಪುಸ್ತಕದ ಜೀವ ಇಲ್ಲೇ ಇದೆ, ಆರ್ಥರ್‌ನಲ್ಲಿ ಅಲ್ಲ. ಆರ್ಥರ್ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಅವನಿಗೆ ಬೇಕಾದಷ್ಟು ಜನ ಇದ್ದಾರೆ.

ಬ್ಲಾಡುಡ್‌ನನ್ನೇ ತೆಗೆದುಕೊಳ್ಳಿ. ಬಾತ್ ಊರಿನ ಬಿಸಿನೀರಿನ ಬುಗ್ಗೆಗಳನ್ನು ಮಾಡಿದವನು, ಮಿನರ್ವಾ ದೇವಿಗೆ ಗುಡಿ ಕಟ್ಟಿದವನು. ಆ ಗುಡಿಯ ಬೆಂಕಿ ಆರುತ್ತಲೇ ಇರಲಿಲ್ಲ, ಬೂದಿಯ ಬದಲು ಕಲ್ಲಿನ ಉಂಡೆಗಳಾಗುತ್ತಿದ್ದವಂತೆ. ಮಾಟ ಮಂತ್ರ ಕಲಿತು ರಾಜ್ಯಕ್ಕೆಲ್ಲ ಕಲಿಸಿದ. ಕೊನೆಗೆ ರೆಕ್ಕೆ ಮಾಡಿಕೊಂಡು ಹಾರಲು ಹೋಗಿ ಲಂಡನ್ನಿನ ಅಪೊಲೊ ಗುಡಿಯ ಮೇಲೆ ಬಿದ್ದು ಚೂರಾದ. ಇವನಿಗೆ ಕುಷ್ಠ ಬಂತು, ಹಂದಿ ಕಾಯುತ್ತಿದ್ದಾಗ ಕೆಸರಿನಲ್ಲಿ ಹೊರಳಿ ವಾಸಿಯಾಯಿತು ಅಂತ ಇನ್ನೊಂದು ಕಥೆ ಎಲ್ಲ ಕಡೆ ಓಡಾಡುತ್ತದೆ. ಚೆನ್ನಾಗಿದೆ, ಹೇಳಿ, ಆದರೆ ಅದು ಜೆಫ್ರಿಯಲ್ಲಿ ಇಲ್ಲ, ಎಷ್ಟೋ ಕಾಲದ ನಂತರ ಸೇರಿದ್ದು.

ಲಿಯರ್ ಕಥೆ ಹೇಳುವಾಗ ಶೇಕ್ಸ್‌ಪಿಯರ್ ಓದಿದವರು ಮಧ್ಯೆ ಬಾಯಿ ಹಾಕುತ್ತಾರೆ, ತಯಾರಾಗಿರಿ. ಜೆಫ್ರಿಯಲ್ಲಿ ಲಿಯರ್ 60 ವರ್ಷ ಆಳುತ್ತಾನೆ. ಮಕ್ಕಳ ಹೆಸರು ಗೊನೊರಿಲ್ಲಾ, ರೆಗನ್, ಕೊರ್ಡೆಯ್ಲಾ. ದೊಡ್ಡವರಿಬ್ಬರ ಬೆಣ್ಣೆ ಮಾತು, ಚಿಕ್ಕವಳ ನೇರ ಮಾತು, ಬೀದಿಪಾಲು, ಎಲ್ಲ ಅದೇ. ಆದರೆ ಇಲ್ಲಿ ಅಪ್ಪ ಫ್ರಾನ್ಸಿಗೆ ಹೋಗಿ ಚಿಕ್ಕ ಮಗಳ ಸಹಾಯದಿಂದ ರಾಜ್ಯ ಗೆದ್ದು ವಾಪಸ್ ಪಡೆಯುತ್ತಾನೆ. ಮೂರು ವರ್ಷ ಆಳಿ ನೆಮ್ಮದಿಯಿಂದ ಸಾಯುತ್ತಾನೆ. ಮಗಳು ಅವನನ್ನು ಲೆಸ್ಟರ್‌ನಲ್ಲಿ ಸೋರ್ ನದಿಯ ಕೆಳಗಿನ ಗವಿಯಲ್ಲಿ ಹೂಳಿ ತಾನು ಐದು ವರ್ಷ ಆಳುತ್ತಾಳೆ. ದುರಂತ ಅವಳದು. ಅಕ್ಕಂದಿರ ಮಕ್ಕಳು ಸೆರೆಗೆ ಹಾಕುತ್ತಾರೆ, ಅಲ್ಲೇ ಪ್ರಾಣ ಕಳೆದುಕೊಳ್ಳುತ್ತಾಳೆ.

ಮಕ್ಕಳಿಗೆ ನಾನು ಇಷ್ಟಪಟ್ಟು ಹೇಳುವುದು ಎಲಿಡುರಸ್. ಅಣ್ಣ ಆರ್ಚ್‌ಗಾಲೋ ಕೆಟ್ಟ ರಾಜ, ಜನ ಓಡಿಸಿದರು, ತಮ್ಮ ಎಲಿಡುರಸ್ ಪಟ್ಟಕ್ಕೆ ಬಂದ. ಐದು ವರ್ಷ ಆದಮೇಲೆ ಕಾಡಿನಲ್ಲಿ ಬೇಟೆಗೆ ಹೋದಾಗ ಅಲೆಯುತ್ತಿದ್ದ ಅಣ್ಣ ಸಿಕ್ಕ. ತಬ್ಬಿಕೊಂಡು ಕರೆದುಕೊಂಡು ಬಂದ, ತನ್ನ ಕೋಣೆಯಲ್ಲಿ ಅಡಗಿಸಿಟ್ಟ, ತನಗೆ ಕಾಯಿಲೆ ಅಂತ ಸುದ್ದಿ ಹಬ್ಬಿಸಿದ. ನೋಡಲು ಬಂದ ಸರದಾರರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಅಣ್ಣನಿಗೆ ನಿಷ್ಠೆ ಹೇಳುತ್ತೀಯೋ ತಲೆ ಕೊಡುತ್ತೀಯೋ ಅಂತ ಕೇಳಿದ. ಎಲ್ಲರೂ ನಿಷ್ಠೆಯನ್ನೇ ಆರಿಸಿಕೊಂಡರು. ಆಮೇಲೆ ತನ್ನ ಕಿರೀಟ ತೆಗೆದು ಅಣ್ಣನ ತಲೆಗೆ ಇಟ್ಟ. ಅಣ್ಣ ಸುಧಾರಿಸಿದ, ಹತ್ತು ವರ್ಷ ಆಳಿ ಸತ್ತ. ಎಲಿಡುರಸ್ ಮತ್ತೆ ರಾಜ. ಆಗ ಕಿರಿಯ ತಮ್ಮಂದಿರಿಬ್ಬರು ಸೇರಿ ಇವನನ್ನು ಗೋಪುರದಲ್ಲಿ ಕೂಡಿಹಾಕಿದರು, ಅವರು ಸತ್ತ ಮೇಲೆ ಮೂರನೇ ಸಲ ರಾಜ. ಒಬ್ಬ ಹುಡುಗಿ ಭರತನ ಹಾಗೆ ಅಲ್ವಾ ಅಂತ ಕೇಳಿದಳು. ಹೌದು, ಆದರೆ ಈ ಭರತ ಪಾದುಕೆ ಇಟ್ಟು ಕಾಯಲಿಲ್ಲ, ಸರದಾರರ ಕುತ್ತಿಗೆಗೆ ಕೈ ಹಾಕಿದ.

ಇನ್ನು ಮೊರ್ವಿಡಸ್. ಮಹಾ ಕೋಪಿಷ್ಠ. ಐರಿಷ್ ಸಮುದ್ರದಿಂದ ಬಂದ ರಾಕ್ಷಸ ಪ್ರಾಣಿಯ ಜೊತೆ ಒಬ್ಬನೇ ಕಾದಾಡಲು ಹೋದ, ಅದು ಇವನನ್ನು ಸಣ್ಣ ಮೀನಿನ ಹಾಗೆ ನುಂಗಿತು. ಮುಗಿಯಿತು. ಗೊರ್ಬೊಡುಕ್‌ನ ಮಕ್ಕಳು ಫೆರೆಕ್ಸ್ ಮತ್ತು ಪೊರೆಕ್ಸ್, ಒಬ್ಬ ಇನ್ನೊಬ್ಬನನ್ನು ಕೊಂದ, ತಾಯಿ ಕೊಂದವನನ್ನು ಮಲಗಿದ್ದಲ್ಲೇ ಕೊಂದಳು. ಇದು 1562ರಲ್ಲಿ ರಾಣಿ ಎಲಿಜಬೆತ್ ಎದುರು ನಾಟಕವಾಗಿ ನಡೆಯಿತು. ಚಿಕ್ಕ ಮಕ್ಕಳಿದ್ದರೆ ಇದನ್ನು ಬಿಡಿ.

ಬರೆಯುವಾಗ, ಹೇಳುವಾಗ

ಇವು ಲ್ಯಾಟಿನ್ ಹೆಸರುಗಳು. ಆದ್ದರಿಂದ ಇಂಗ್ಲಿಷಿನಲ್ಲಿ ಸಿ ಅಕ್ಷರ ಕಂಡರೆ ಕಣ್ಣು ಮುಚ್ಚಿ ಕ ಅಂತ ಬರೆಯಿರಿ. ಕುನೆಡಾಗಿಯಸ್, ಸುನೆಡಾಗಿಯಸ್ ಅಲ್ಲ. ಕೊನೆಯ ಅಸ್ ಲ್ಯಾಟಿನ್ನಿನ ಬಾಲ, ಬಾಯಿ ಮಾತಿನಲ್ಲಿ ಕತ್ತರಿಸಿದರೂ ನಡೆಯುತ್ತದೆ. ಲೊಕ್ರಿನ್, ಎಬ್ರೌಕ್, ಎಲಿಡುರ್. ಮಕ್ಕಳಿಗೆ ಹೀಗೆ ಸುಲಭ.

ವಿಭಕ್ತಿ ಸೇರಿಸುವಾಗ ಒದ್ದಾಟ ಬರುತ್ತದೆ. ಡನ್ವಾಲೋ ಮೊಲ್ಮುಟಿಯಸ್‌ನಿಂದ ಅಂತ ಹೇಳಿ ನೋಡಿ, ನಾಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹೆಸರಿನ ಮುಂದೆ ರಾಜ ಅಥವಾ ದೊರೆ ಸೇರಿಸಿ, ಬಾಲವನ್ನು ಅದಕ್ಕೆ ಕಟ್ಟಿ. ಮೊಲ್ಮುಟಿಯಸ್ ದೊರೆಯಿಂದ, ಲಿಯರ್ ರಾಜನಿಗೆ. ಎಲ್ಲ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಬೋರ್ಡಿನ ಮೇಲೆ ಬರೆಯುವವರು ಅರ್ಕಾವತ್ತಿಗೆ ಗಮನ ಕೊಡಿ. ಇಲ್ಲಿನ ಮಕ್ಕಳು ಶಾಲೆಯಲ್ಲಿ ದೇವನಾಗರಿ ಓದುತ್ತಾರೆ, ಅಲ್ಲಿ ರಕಾರ ಅಕ್ಷರದ ತಲೆಯ ಮೇಲೆ ಕೂರುತ್ತದೆ, ನಮ್ಮಲ್ಲಿ ಪಕ್ಕದಲ್ಲಿ ಬರುತ್ತದೆ. ಗುರ್ಗಿಂಟ್ ಅನ್ನುವುದನ್ನು ಗುಗಿರ್ಂಟ್ ಅಂತ ಓದುತ್ತಾರೆ. ರ್ ಅನ್ನು ಬಿಡಿಯಾಗಿ, ಪೂರ್ತಿ ಅಕ್ಷರವಾಗಿ ಬರೆದರೆ ತೊಂದರೆ ಇಲ್ಲ. ಇನ್ನು ಹುಡಿಬ್ರಾಸ್ ಅಂದಾಗ ಕರಾವಳಿಯ ಮಕ್ಕಳು ಹುಡಿ ಹುಡಿ ಅಂತ ನಗುತ್ತಾರೆ, ಸಾರಿನ ಹುಡಿಯೋ ಅರಿಶಿನ ಹುಡಿಯೋ ಅಂತ. ನಗಲಿ ಬಿಡಿ. ಆ ರಾಜ ವಿಂಚೆಸ್ಟರ್, ಕ್ಯಾಂಟರ್ಬರಿ, ಶಾಫ್ಟ್ಸ್‌ಬರಿ ಕಟ್ಟಿಸಿದನಂತೆ, ಶಾಫ್ಟ್ಸ್‌ಬರಿಯ ಗೋಡೆ ಕಟ್ಟುವಾಗ ಒಂದು ಹದ್ದು ಮಾತಾಡಿತಂತೆ. ಹದ್ದು ಏನು ಹೇಳಿತು ಅಂತ ಜೆಫ್ರಿ ಬರೆಯುವುದಿಲ್ಲ. ನನಗೆ ನಂಬಿಕೆ ಬಂದಿದ್ದರೆ ಬರೆಯುತ್ತಿದ್ದೆ ಅಂತಾನೆ, ನೋಡಿ ಅವನ ಜಾಣತನ!

ಇಸವಿ ಕೇಳಿದರೆ ಏನು ಹೇಳಬೇಕು? ಇಡೀ ಪುಸ್ತಕದಲ್ಲಿ ಮೂರೇ ಇಸವಿಗಳಿವೆ. ಲೂಕಿಯಸ್ ರಾಜ ಸತ್ತದ್ದು 156, ಆರ್ಥರ್ ಹೋದದ್ದು 542, ಕೊನೆಯ ರಾಜ ಕಡ್ವಾಲಡರ್ ಸತ್ತದ್ದು 689. ಉಳಿದ ಕಡೆ ಜೆಫ್ರಿಯ ಉಪಾಯ ಬೇರೆ. ಆಗ ಜೆರುಸಲೇಮಿನಲ್ಲಿ ಸೊಲೊಮನ್ ಗುಡಿ ಕಟ್ಟುತ್ತಿದ್ದ, ಆಗ ರೋಮುಲಸ್ ಮತ್ತು ರೀಮಸ್ ರೋಮ್ ಕಟ್ಟಿದರು, ಹೀಗೆ ಪಕ್ಕದಲ್ಲಿ ಗೊತ್ತಿರುವ ಒಂದು ಸಂಗತಿ ಇಡುತ್ತಾನೆ. ನೆಟ್‌ನಲ್ಲಿ ಸಿಗುವ ಪಟ್ಟಿಗಳಲ್ಲಿ ಪ್ರತಿ ರಾಜನಿಗೂ ಕ್ರಿ.ಪೂ. ಇಂತಿಷ್ಟು ಅಂತ ಇರುತ್ತದಲ್ಲ, ಅದೆಲ್ಲ ಆಮೇಲಿನವರು ಕೂಡಿ ಕಳೆದು ಹಾಕಿದ್ದು. ಕ್ವಿಜ್‌ನಲ್ಲಿ ಆ ಇಸವಿಗಳನ್ನು ಕೇಳಬೇಡಿ.

ಓಲ್ಡ್ ಕಿಂಗ್ ಕೋಲ್ ಅನ್ನುವ ಶಿಶುಗೀತೆ ಈ ಪಟ್ಟಿಯ ಕೋಯಲ್ ಎಂಬ ರಾಜನ ಬಗ್ಗೆ ಅಂತ ಖಂಡಿತ ಯಾರಾದರೂ ಹೇಳುತ್ತಾರೆ. ಪದ್ಯ ಅಚ್ಚಿನಲ್ಲಿ ಕಾಣುವುದು 18ನೇ ಶತಮಾನದಲ್ಲಿ, ಜೆಫ್ರಿ ಬರೆದದ್ದು 12ರಲ್ಲಿ. ನಡುವಿನ ದಾರಿಯನ್ನು ಯಾರೂ ತೋರಿಸಿಲ್ಲ. ಹಾಡಿ, ಆದರೆ ಸಾಕ್ಷಿ ಅಂತ ಹೇಳಬೇಡಿ.

ಇನ್ನೊಂದು, ಇದು ಮುಂಬೈಯಲ್ಲಿ ಇರುವವರಿಗೆ ಮಾತ್ರ ಸಿಗುವ ಸೌಕರ್ಯ. ಬ್ರಿಟನ್ನಿನ ಪಟ್ಟಿ ಓದಿ ರುಚಿ ಹತ್ತಿದರೆ ಮಾಹಿಮ್‌ನ ಬಿಂಬ ರಾಜನ ಕಥೆ ಹುಡುಕಿ. ಮಹಿಕಾವತಿ ಬಖರ್ ಎಂಬ ಮರಾಠಿಯ ಹಳೆಯ ಚರಿತ್ರೆಯಲ್ಲಿ ಅವನು ಬರುತ್ತಾನೆ, ಇತಿಹಾಸಕಾರ ವಿ.ಕಾ. ರಾಜವಾಡೆ ಅದನ್ನು ಸಂಪಾದಿಸಿದ್ದಾರೆ. ಯಾವ ಹೆಸರು ಊರಿಂದ, ಯಾವುದು ದಾಖಲೆಯಿಂದ, ಯಾವುದು ವಂಶಾವಳಿಯಿಂದ ಅನ್ನುವ ಅದೇ ಪ್ರಶ್ನೆಯನ್ನು ಅಲ್ಲಿ ಕೇಳಬಹುದು. ಮರಾಠಿ ಓದಲು ಬರುವ ಮಕ್ಕಳಿಗೆ ಈ ಕೆಲಸ ಕೊಡಿ, ನಮಗಿಂತ ಬೇಗ ಮಾಡುತ್ತಾರೆ.

ಮಗನೋ ಮಗಳೋ ಅಲ್ಲಿದ್ದಾರೆ, ಲಂಡನ್ನಿಗೆ ಹೋಗುತ್ತಿದ್ದೇವೆ ಅನ್ನುವವರು ಈ ಕಡೆ ತುಂಬಾ ಜನ. ಅವರಿಗೆ ನಾಲ್ಕು ಜಾಗ. ಫ್ಲೀಟ್ ಸ್ಟ್ರೀಟಿನ ಸೇಂಟ್ ಡನ್‌ಸ್ಟನ್ ಚರ್ಚಿನಲ್ಲಿ ಲುಡ್ ಮತ್ತು ಅವನ ಮಕ್ಕಳ ಹಳೆಯ ಕಲ್ಲಿನ ಮೂರ್ತಿಗಳಿವೆ, ಲುಡ್‌ಗೇಟ್ ಕೆಡವಿದ ಮೇಲೆ ಉಳಿದು ಅಲ್ಲಿಗೆ ಬಂದವು. ಗಿಲ್ಡ್‌ಹಾಲ್‌ನಲ್ಲಿ ಗಾಗ್ ಮತ್ತು ಮೆಗಾಗ್ ಎಂಬ ಎರಡು ದೈತ್ಯರ ಮರದ ಮೂರ್ತಿಗಳಿವೆ. ಜೆಫ್ರಿಯಲ್ಲಿ ಗಾಗ್‌ಮೆಗಾಗ್ ಒಬ್ಬನೇ ದೈತ್ಯ, ಬ್ರೂಟಸ್‌ನ ಗೆಳೆಯ ಕೊರಿನಿಯಸ್ ಕುಸ್ತಿಯಲ್ಲಿ ಎತ್ತಿ ಸಮುದ್ರಕ್ಕೆ ಎಸೆದವನು. ಲಂಡನ್ನಿನವರು ಅವನನ್ನು ಇಬ್ಬರನ್ನಾಗಿ ಮಾಡಿದರು. ಹಳೆಯ ಮೂರ್ತಿಗಳು 1940ರ ಬಾಂಬ್ ದಾಳಿಯಲ್ಲಿ ಸುಟ್ಟವು, ಈಗಿನವು 1953ರವು. ಬಾತ್‌ಗೆ ಹೋದರೆ ಕಿಂಗ್ಸ್ ಬಾತ್‌ನ ಗೋಡೆಯಲ್ಲಿ ಬ್ಲಾಡುಡ್ ಕೂತಿದ್ದಾನೆ. ಕೆಳಗೆ 1699ರ ಬರಹ ಇದೆ, ಅದರಲ್ಲಿ ಅವನ ಅಪ್ಪನ ಹೆಸರು ಲುಡ್ ಹುಡಿಬ್ರಾಸ್ ಆಗಿಬಿಟ್ಟಿದೆ, ಫೋಟೋ ತೆಗೆದುಕೊಳ್ಳಿ. ನಾಲ್ಕನೆಯದು ಟಾಟ್ನೆಸ್, ಬ್ರೂಟಸ್ ಹಡಗಿನಿಂದ ಇಳಿದು ಕಾಲಿಟ್ಟನೆಂಬ ಕಲ್ಲು ಫೋರ್ ಸ್ಟ್ರೀಟಿನಲ್ಲಿದೆ. ಅದು ಲಂಡನ್ನಿನಿಂದ ದೂರ, ಕಲ್ಲು ಬಹಳ ಸಣ್ಣದು, ಡೆವನ್ ಕಡೆ ಬೇರೆ ಏನಾದರೂ ಕೆಲಸ ಇದ್ದರೆ ಮಾತ್ರ ಹೋಗಿ.